ನೀಲಿ ಡ್ರಮ್ಮಿನ ಚೂರಿಗಳು

ನನ್ನ ಸೋದರಮಾವನ ಕೈಯಲ್ಲಿ ಏಟು ತಿನ್ನದವನು ನಮ್ಮ ಬೀದಿಯಲ್ಲಿ ಯಾರಾದರೂ ಇದ್ದರೆ ಅವನು ಮೊನ್ನೆ ಮೊನ್ನೆ ಬಾಡಿಗೆಗೆ ಬಂದವನಿರಬೇಕು. ಹಾಲಿನವನಿಗೆ ನೀರು ಬೆರೆಸಿದ್ದಕ್ಕೆ ಒಂದು ಬಿಟ್ಟ, ಬೆರೆಸಿಲ್ಲ ಎಂದು ವಾದಿಸಿದ್ದಕ್ಕೆ ಇನ್ನೊಂದು ಬಿಟ್ಟ. ಸ್ವಂತ ಷಡ್ಡಕನ ಮುಂದಿನ ಹಲ್ಲು ಉದುರಿಸಿದ. ಅದೇ ಷಡ್ಡಕನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವನೂ ಅವನೇ. ಅದಕ್ಕೇ ಜನ, ‘ಕೋಪ ಜಾಸ್ತಿ, ಆದರೆ ಮನಸ್ಸು ಒಳ್ಳೆಯದು’ ಎಂದು ಅವನ ಬಗ್ಗೆ ಹೇಳುತ್ತಿದ್ದರು. ಏಟು ತಿಂದವರ ಮನಸ್ಸು ಹೇಗಿದೆ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮಾವನ ಕೆಲಸ ಕಸಾಯಿಖಾನೆಯ ಮೂಳೆ ಬಿಡಿಸುವ ಕೋಣೆಯಲ್ಲಿ. ನಾನೂ ಅಲ್ಲೇ, ಬಾಗಿಲ ಬಳಿ ತೂಕದ ಯಂತ್ರದ ಮುಂದೆ ಕೂರುವವಳು. ಎದೆಮಟ್ಟದವರೆಗೆ ಬಿಳಿ ಟೈಲು, ನೆಲದ ಮೇಲೆ ಸದಾ ಹರಿಯುವ ನೀರು, ತಲೆಯ ಮೇಲಿನ ಕಂಬಿಯಲ್ಲಿ ಕಿರುಗುಟ್ಟುತ್ತ ಸರಿದು ಬರುವ ಕೊಕ್ಕೆಗಳು, ಒಂದೊಂದು ಕೊಕ್ಕೆಗೆ ಅರ್ಧ ಎಮ್ಮೆ. ಮಾವ ಕೀಲಿನ ಸಂದಿಗೆ ಚೂರಿಯ ತುದಿ ಇಟ್ಟು ಮಣಿಕಟ್ಟು ತಿರುಗಿಸಿದರೆ ಸಾಕು, ತೊಡೆಯ ಮೂಳೆ ಟಪ್ಪೆಂದು ಕಳಚಿ ಹಲಗೆಯ ಮೇಲೆ ಬೀಳುತ್ತಿತ್ತು. ಆ ಕೋಣೆಯಲ್ಲಿ ಚೂರಿಗೆ ಬಿಡುವೆಂಬುದಿಲ್ಲ. ಕುಯ್ಯಬೇಕು, ತೊಳೆಯಬೇಕು, ಮಸೆಯಬೇಕು, ಮತ್ತೆ ಕುಯ್ಯಬೇಕು. ಒಂದು ಪಾಳಿಯವನು ಬಿಸಿನೀರಿಗೆ ಹಾಕಿದ ಚೂರಿಯನ್ನು ಮುಂದಿನ ಪಾಳಿಯವನು ಎತ್ತಿಕೊಳ್ಳುತ್ತಾನೆ. ಹಾಗಾಗಿ ಸುಮ್ಮನೆ ಮಲಗಿದ ಚೂರಿಯನ್ನು ಅಲ್ಲಿಯ ಯಾರೂ ಜನ್ಮದಲ್ಲಿ ಕಂಡವರಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯವೂ ನೆನಪಿರಲಿ. ನಮ್ಮಲ್ಲಿ ಒಂದು ಕಟ್ಟುಪಾಡಿದೆ: ಮನುಷ್ಯನ ರಕ್ತ ಕಂಡ ಚೂರಿ ಮತ್ತೆ ಮಾಂಸ ಮುಟ್ಟುವಂತಿಲ್ಲ. ಕೈ ಜಾರಿ ಬೆರಳು ಕುಯ್ದುಕೊಂಡರೂ ಅಷ್ಟೇ, ಜಗಳದಲ್ಲಿ ಇನ್ನೊಬ್ಬನ ಹೊಟ್ಟೆಗೆ ಹಾಕಿದರೂ ಅಷ್ಟೇ. ಮೇಸ್ತ್ರಿ ಬಂದು ಆ ಚೂರಿಯನ್ನು ಬಟ್ಟೆಯಲ್ಲಿ ಹಿಡಿದು, ಮೂಲೆಯಲ್ಲಿದ್ದ ನೀಲಿ ಡ್ರಮ್ಮಿಗೆ ಹಾಕುತ್ತಾನೆ. ಯಾಕೆಂದು ಕೇಳಿದರೆ, "ಅದು ರುಚಿ ನೋಡ್ಬಿಟ್ಟಿದೆ ಕಣಮ್ಮಾ" ಎಂದಷ್ಟೇ ಹೇಳುತ್ತಾನೆ. ಆ ಡ್ರಮ್ಮನ್ನು ಯಾರೂ ಬರಿದು ಮಾಡುತ್ತಿರಲಿಲ್ಲ, ವರ್ಷ ವರ್ಷವೂ ಚೂರಿ ಸೇರುತ್ತಲೇ ಇತ್ತು. ಎಲ್ಲರ ಕೈಯಲ್ಲೂ ಚೂರಿ, ಕಾಲ ಕೆಳಗೆ ಜಾರುವ ನೆಲ, ಕಿವಿ ತೂತಾಗುವಂತೆ ಗರಗಸದ ಸದ್ದು. ಅಂಥ ಕಡೆ ಒಂದು ಕೆಟ್ಟ ಬೈಗುಳ ಸಾಕಾಗುತ್ತಿತ್ತು.

ಮಾವನ ಕೆಲಸ ಹೋದದ್ದೂ ಬೈಗುಳದಿಂದಲೇ. ತೊಗಲಿಗೆ ಉಪ್ಪು ಹಚ್ಚುವ ಕೋಣೆಯ ಉಪ್ಪಿನವನೊಬ್ಬ ನೀರಿನ ಪೈಪು ಕೊಡಲಿಲ್ಲವೆಂದು ಮಾವ ಅವನ ತಾಯಿಯನ್ನು ಎಳೆದು ತಂದ. ಉಪ್ಪಿನವನು ಮಾವನ ಮುಖಕ್ಕೆ ಉಪ್ಪು ಎರಚಿದ. ಕಣ್ಣು ಕಾಣದ ಮಾವ ಕೈಗೆ ಸಿಕ್ಕಿದ ಕೊಕ್ಕೆಯಿಂದ ಬೀಸಿ ಅವನ ಕೆನ್ನೆಯನ್ನು ತುಟಿಯವರೆಗೆ ಹರಿದ. ಅವನು ಬೀಳುತ್ತ ಬೀಳುತ್ತ ಮಾವನ ಬಲಗೈ ಮಣಿಕಟ್ಟಿಗೆ ಚೂರಿ ಎಳೆದ. ಇಬ್ಬರ ರಕ್ತವೂ ಎಮ್ಮೆಯ ರಕ್ತದ ಜೊತೆ ಒಂದೇ ಮೋರಿಗೆ ಹರಿದುಹೋಯಿತು. ಗಾಯ ಮಾಯುವಾಗ ಮಾವನ ಎರಡು ಬೆರಳು ಮಡಚದೆ ನೆಟ್ಟಗೆ ನಿಂತುಬಿಟ್ಟವು. ಚೂರಿ ಹಿಡಿಯಲಾಗದವನಿಗೆ ಕಸಾಯಿಖಾನೆಯಲ್ಲಿ ಏನು ಕೆಲಸ? ಮನೆಗೆ ಕಳಿಸಿದರು.

ಅಲ್ಲಿಂದ ಅತ್ತೆಗೆ ಶುರುವಾಯಿತು ನೋಡಿ. ಹೊರಗೆ ಹಂಚಿಹೋಗುತ್ತಿದ್ದ ಕೋಪವೆಲ್ಲ ಈಗ ಎರಡು ಕೋಣೆಯ ಮನೆಯೊಳಗೆ ಇಳಿಯಿತು. ಮಗಳು ಪುಟ್ಟಿ ಮದುವೆಯಾಗಿ ಹೋಗಿದ್ದಳು, ಮನೆಯಲ್ಲಿ ಉಳಿದದ್ದು ಅವರಿಬ್ಬರು ಮತ್ತು ನಾನು. ತಟ್ಟೆ ಹಾರಿತು, ಗೋಡೆಯ ಕನ್ನಡಿ ಹೋಯಿತು, ಸದ್ದು ಮಾಡುತ್ತದೆಂದು ಫ್ಯಾನಿನ ರೆಕ್ಕೆಯನ್ನೇ ಬಗ್ಗಿಸಿಟ್ಟ. ಬೆರಳಿಗೆ ವ್ಯಾಯಾಮ ಮಾಡಿಸುತ್ತಿದ್ದ ಆಸ್ಪತ್ರೆಯ ಹೆಂಗಸು ಒಂದು ದಿನ, "ಸುಮ್ನೆ ಕೂತ್ರೆ ಕೈಯೂ ಹೋಗುತ್ತೆ, ತಲೆಯೂ ಹೋಗುತ್ತೆ. ಏನಾದ್ರೂ ಒಂದು ಹವ್ಯಾಸ ಇಟ್ಕೊಳ್ಳಿ. ಗಿಡ ಬೆಳೆಸಿ, ಸ್ಟಾಂಪು ಕೂಡಿಡಿ" ಎಂದಳು.

ಮಾವ ಮನೆಗೆ ಬಂದು, "ಚೂರಿ ಕೂಡಿಡ್ತೀನಿ" ಎಂದ.

ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು. "ಗಿಡ ಅಂದ್ರಂತೆ ಕಣೇ ಅವರು. ಗಿಡ ಅನ್ನೋದು ಇವರ ಕಿವಿಗೆ ಚೂರಿ ಅಂತ ಹೆಂಗೆ ಬೀಳುತ್ತೆ?"

"ನನಗೆ ಗೊತ್ತಿರೋದು ಅದೊಂದೇ" ಎಂದು ಮಾವ ಗುಡುಗಿದ.

ಗೊತ್ತಿದ್ದವನ ಸಂಗ್ರಹದ ಮೊದಲ ಮಾಲು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಹಳೇ ಸಾಮಾನಿನ ಅಂಗಡಿಯಿಂದ ತಂದದ್ದು, ಫಳಫಳ ಹೊಳೆಯುವ ಅಲಗು, ಹಿಡಿಯ ತುದಿಯಲ್ಲಿ ದಿಕ್ಸೂಚಿ. ಕಾಡಿನಲ್ಲಿ ದಾರಿ ತಪ್ಪಿದವರಿಗಂತೆ. ಅತ್ತೆ ಅದರಲ್ಲಿ ಎಲೆಕೋಸು ಹೆಚ್ಚಲು ಹೋದಳು, ಹಿಡಿ ಕಳಚಿ ಕೈಗೆ ಬಂತು, ಅಲಗು ಎಲೆಕೋಸಿನಲ್ಲೇ ಉಳಿಯಿತು. "ದಿಕ್ಕು ಮಾತ್ರ ಸರಿಯಾಗಿ ತೋರಿಸ್ತಿದೆ ಮಾವ" ಎಂದೆ. ಅವನು ಹಿಡಿಯನ್ನು ನನ್ನ ಕಡೆ ಎಸೆದ. ತಪ್ಪಿಸಿಕೊಳ್ಳದಿದ್ದರೆ ಕಣ್ಣು ಹೋಗುತ್ತಿತ್ತು.

ಆ ಹಿಡಿ ಹಿಡಿದುಕೊಂಡೇ ಮಾವ ಅಂಗಡಿಯವನ ಜೊತೆ ಜಗಳಕ್ಕೆ ಹೋದ, ಹಿಂದೆಯೇ ನಾನೂ ಹೋದೆ. ಅಂಗಡಿಯವನು ಮುದುಕ, ಮೂಗಿನ ಮೇಲೆ ಜಾರುವ ಕನ್ನಡಕ, ಹೆದರುವ ಜಾತಿಯವನಲ್ಲ. "ಹೊಳೆಯೋದೆಲ್ಲ ತಗೊಂಡ್ರೆ ಹಿಂಗೇ ಆಗೋದು. ಹೊಸಬರೆಲ್ಲ ಇದೇ ತಪ್ಪು ಮಾಡ್ತಾರೆ" ಎಂದ. "ಒಂದು ಜಾಡು ಹಿಡೀರಿ ಸ್ವಾಮಿ. ಬರೀ ಮಡಚೋ ಚೂರಿ, ಇಲ್ಲ ಬರೀ ಚಮ್ಮಾರರ ಚೂರಿ, ಯಾವುದೋ ಒಂದು. ಸಿಕ್ಕಿದ್ದೆಲ್ಲ ತಂದು ರಾಶಿ ಹಾಕಿದ್ರೆ ಅದು ಗುಜರಿ ಆಗುತ್ತೆ." ಮಾವ ಎತ್ತಿದ ಕೈ ಹಾಗೇ ನಿಂತಿತು. ತಿರುಗಿ, ಅಲ್ಲಿಂದ ನೇರ ಕಸಾಯಿಖಾನೆಗೆ ನಡೆದ. ಮಾರನೆಯ ದಿನ ತಳ್ಳುಗಾಡಿಯ ಮೇಲೆ ನೀಲಿ ಡ್ರಮ್ಮು ಮನೆಗೆ ಬಂತು.

ಮುಂದಿನ ಕೋಣೆಯ ಗೋಡೆಗೆ ಉದ್ದ ಹಲಗೆ ಹೊಡೆದ, ಸಾಲಾಗಿ ಮೊಳೆ ಬಡಿದ. ಚೂರಿಗಳನ್ನು ಒಂದೊಂದಾಗಿ ತೊಳೆದು ನೇತುಹಾಕುತ್ತ ಅವನು ಕಥೆ ಹೇಳತೊಡಗಿದಾಗ ನನಗೆ ನಗು ನಿಂತಿತು. ಕಪ್ಪು ಹಿಡಿಯದು ಒಬ್ಬ ತನ್ನ ತಮ್ಮನ ಪಕ್ಕೆಗೆ ಹಾಕಿದ್ದು. ತಮ್ಮ ಅದನ್ನು ಹೊತ್ತುಕೊಂಡೇ ಗೇಟಿನವರೆಗೆ ನಡೆದು ಅಲ್ಲಿ ಕುಸಿದಿದ್ದ. ತುದಿ ಮುರಿದದ್ದರ ಮಿಕ್ಕ ತುಣುಕು ಕಾವಲುಗಾರನ ಭುಜದ ಮೂಳೆಯಲ್ಲಿ ಈಗಲೂ ಇದೆ. ಅಗಲದ ಭಾರಿ ಚೂರಿ ಒಬ್ಬನ ಹೆಬ್ಬೆರಳು ತೆಗೆದದ್ದು. ಅದು ಯಾವ ಪೆಟ್ಟಿಗೆಯ ಮಾಂಸದ ಜೊತೆ ಹೋಯಿತೋ ಕೊನೆಗೂ ಸಿಗಲಿಲ್ಲ. ಉಪ್ಪಿನವನು ಮಾವನ ಮಣಿಕಟ್ಟಿಗೆ ಎಳೆದ ಚೂರಿಯೂ ಅಲ್ಲಿತ್ತು; ಮಾವ ಅದನ್ನು ನಡುವೆ ತೂಗುಹಾಕಿ, ಅದಕ್ಕೆ ಎದುರಾಗಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ನೋಡಲು ಬಂದ ಹಳೆಯ ಜೊತೆಗಾರರು ತಮ್ಮ ತಮ್ಮ ಗಾಯ ತೋರಿಸಿ, ‘ನಂದು ಯಾವುದು?’ ಎಂದು ಗೋಡೆಯಲ್ಲಿ ಹುಡುಕುತ್ತಿದ್ದರು. ಮದುವೆ ಫೋಟೋ ನೋಡುವವರಿಗೂ ಅಷ್ಟು ಸಡಗರ ಇರುವುದಿಲ್ಲ.

ಒಂದು ಚೂರಿಯ ಕಥೆ ಮಾತ್ರ ಅವನು ಹೇಳುತ್ತಿರಲಿಲ್ಲ. ಚಿಕ್ಕದು, ಹಳದಿ ಹಿಡಿಯದು. ಅದರ ಸರದಿ ಬಂದಾಗ, "ಅದು ಸುಮ್ನೆ" ಎಂದು ಮುಂದಿನದಕ್ಕೆ ಹೋಗುತ್ತಿದ್ದ. ಡ್ರಮ್ಮಿನಿಂದ ಅದು ಹೊರಗೆ ಬಂದ ದಿನ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅದನ್ನು ಕಂಡವಳೇ ಸೆರಗಿನಿಂದ ಎಡ ಮೊಳಕೈ ಮುಚ್ಚಿಕೊಂಡಳು. ಆ ಕೈಯಲ್ಲಿ ಮೊಳಕೈಯಿಂದ ಮುಂಗೈವರೆಗೆ ಒಂದು ಗಾಯದ ಗೆರೆ ಇತ್ತು, ಕಿಟಕಿ ಗಾಜು ತಾಗಿದ್ದೆಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೆವು. ಪಾತ್ರೆ ತೊಳೆಯುವಾಗ ನಾನು ಕೇಳಿಯೇಬಿಟ್ಟೆ.

"ಗಾಜಲ್ಲ" ಎಂದಳು ಅತ್ತೆ, ತಲೆಯೆತ್ತದೆ. "ಪುಟ್ಟಿ ಆಗ ಮೊಲೆ ಕುಡಿಯೋ ಕೂಸು. ಅಳು ನಿಲ್ಲಿಸ್ತಿಲ್ಲ ಅಂತ ಕೂಗಾಡಿದ್ರು, ನಾನು ಎದುರು ಮಾತಾಡ್ದೆ. ಅವತ್ತು ಕೆಲಸದ ಚೂರಿ ಮನೆಗೆ ತಂದು ಮಸೀತಾ ಕೂತಿದ್ರು, ಹಂಗೇ ಬೀಸಿದ್ರು. ಮಾರನೇ ದಿನ ತನ್ನ ಕೈಗೇ ತಾಗ್ತು ಅಂತ ಮೇಸ್ತ್ರಿಗೆ ಸುಳ್ಳು ಹೇಳಿ ಡ್ರಮ್ಮಿಗೆ ಹಾಕಿದ್ರಂತೆ. ಕೆಲಸದ ಕಟ್ಟುಪಾಡು ಮಾತ್ರ ತಪ್ಪಲಿಲ್ಲ ನೋಡು ಮಹಾರಾಯರು. ಪುಟ್ಟಿಗೆ ಹೇಳ್ಬೇಡ."

ಹೇಳಲಿಲ್ಲ. ಆದರೆ ಅವತ್ತಿನಿಂದ ಮಾವನ ಮುಖ ನೋಡಿದರೆ ನನಗೆ ಹಲ್ಲು ಕಡಿಯುವಂತಾಗುತ್ತಿತ್ತು. ಅತ್ತೆ ಊಟಕ್ಕೆ ಚೂರಿಗಳ ಗೋಡೆಗೆ ಬೆನ್ನು ಮಾಡಿ ಕೂರುತ್ತಿದ್ದಳು. ಒಂದು ದಿನ ಬಡಿಸುತ್ತ, "ರೀ, ಬರೀ ಅಲಗು ನೋಡ್ತಾ ನಂಗೆ ಅನ್ನ ಇಳಿಯಲ್ಲ. ಮುಚ್ಚಿ ಅದನ್ನ, ಇಲ್ಲ ಮನೆ ಬಿಟ್ಟು ನಾನು ಹೋಗ್ತೀನಿ" ಎಂದಳು. ಆ ದನಿ ನಾನು ಹಿಂದೆ ಕೇಳಿರಲಿಲ್ಲ, ಮಾವನೂ ಕೇಳಿರಲಿಲ್ಲ. ತಟ್ಟೆ ಹಾರುತ್ತದೆಂದು ನಾನು ಪಕ್ಕಕ್ಕೆ ಸರಿದು ಕೂತೆ. ಅವನು ಸುಮ್ಮನೆ ಅನ್ನ ಕಲಸಿದ.

ಮರುದಿನ ಕಸಾಯಿಖಾನೆಯ ತೊಗಲು ಕೋಣೆಯಿಂದ ಉಪ್ಪು ಹಾಕಿದ ಎಮ್ಮೆ ತೊಗಲು ತಂದ. ಪುಕ್ಕಟೆ ಸಿಗುತ್ತದೆ, ದಪ್ಪ ಇದೆ, ಇನ್ನೇನು ಬೇಕು? ನೀರಿನಲ್ಲಿ ನೆನೆಸಿ, ಮೆತ್ತಗಾದಾಗ ಪ್ರತಿ ಚೂರಿಯ ಮೈಗೂ ಬಿಗಿಯಾಗಿ ಸುತ್ತಿ, ಎಡಗೈಯಲ್ಲಿ ದಬ್ಬಳ ಹಿಡಿದು ಒರೆ ಹೊಲಿದ. ಹೊಲಿಯುತ್ತ ಹೊಲಿಯುತ್ತ ಮಡಚದ ಬೆರಳೊಂದು ಸ್ವಲ್ಪ ಮಡಚಿತು. ಚೂರಿ ಒಳಗಿದ್ದ ಹಾಗೆಯೇ ಒಣಗಲು ಬಿಟ್ಟ. ಕೆಲಸ ಮಾಡುವ ಚೂರಿ ಅವನಿಗೆ ಗೊತ್ತಿತ್ತು, ಮಲಗಿದ ಚೂರಿ ಗೊತ್ತಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಹದ ಮಾಡಿದ ಚರ್ಮ ತರುತ್ತಿದ್ದರು. ಹಸಿ ಉಪ್ಪಿನ ತೊಗಲಲ್ಲಿ ಉಕ್ಕು ಸುತ್ತಿಡುವ ಬುದ್ಧಿ ಬರುವುದು ಕಸಾಯಿಖಾನೆಯವನಿಗೆ ಮಾತ್ರ.

ಹೆಮ್ಮೆಯಿಂದ ಅಂಗಡಿಯ ಮುದುಕನನ್ನು ಕರೆತಂದು ತೋರಿಸಿದ. ಮುದುಕ ಒಂದು ಒರೆ ಮೂಸಿ ನೋಡಿ, ತಲೆ ಚಚ್ಚಿಕೊಂಡ. "ಅಯ್ಯೋ, ಚರ್ಮದೊಳಗೇ ಇಡಬಾರದು ಅನ್ನೋದು ಮೊದಲನೇ ಪಾಠ ಸ್ವಾಮಿ! ಇದು ಉಪ್ಪಿನ ತೊಗಲು ಬೇರೆ. ಮಳೆಗಾಲ ಮುಗಿಯೋಷ್ಟರಲ್ಲಿ ಒಳಗೆಲ್ಲ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತೆ. ಈಗ್ಲೇ ಬಿಚ್ಚಿ."

"ಚೂರಿ ವಿಷಯ ನಂಗೆ ಹೇಳ್ಕೊಡ್ತೀಯೇನೋ?" ಎಂದು ಮಾವ ಎಡಗೈ ಮುಷ್ಟಿಯಲ್ಲಿ ಮುದುಕನ ಮೂಗಿಗೆ ಗುದ್ದಿದ. ಕನ್ನಡಕ ಎರಡು ಹೋಳಾಯಿತು, ಗಡ್ಡದಿಂದ ರಕ್ತ ತೊಟ್ಟಿಕ್ಕಿತು. ಆಮೇಲೆ ಎಂದಿನಂತೆ ಆಸ್ಪತ್ರೆಗೆ ಕರೆದುಕೊಂಡು ಹೋದವನೂ ಅವನೇ. ಒರೆಗಳು ಮಾತ್ರ ಹಟದಿಂದ ಹಾಗೇ ಉಳಿದವು. ಮಳೆಗಾಲ ಬಂತು, ಹೋಯಿತು. ಚೂರಿಗಳ ಗೋಡೆ ಆ ವರ್ಷ ಜೋರಾಗಿ ಒಸರಿತ್ತು.

ಪುಟ್ಟಿ ತವರಿಗೆ ಬಂದದ್ದು ಆಮೇಲೆ. ಮಾವನ ಒಬ್ಬಳೇ ಮಗಳು, ನನಗಿಂತ ಚಿಕ್ಕವಳು, ಜೊತೆಗೆ ಬೆಳೆದವಳು. ಅವಳ ಗಂಡನಿಗೆ ಹಳೇ ಟೈರಿಗೆ ಹೊಸ ರಬ್ಬರು ಹಾಕುವ ಕೆಲಸ. ತೋಳು ನಮ್ಮ ತೊಡೆಯಷ್ಟು ದಪ್ಪ. ಅವನು ಹೊಡೆಯುತ್ತಾನೆಂದು ನಮಗೆ ಅನುಮಾನ ಇತ್ತು. ಅವಳು ಕೇಳಿದಾಗಲೆಲ್ಲ ಜಾರಿ ಬಿದ್ದೆ, ಬಾಗಿಲು ತಾಗಿತು ಎನ್ನುತ್ತಿದ್ದಳು. ಅಮ್ಮನ ಕಿಟಕಿ ಗಾಜಿನ ಕಥೆ ಕೇಳಿ ಬೆಳೆದ ಹುಡುಗಿ, ಇನ್ನೇನು ಹೇಳಿಯಾಳು! ಈ ಸಲ ಹೇಳಲು ಏನೂ ಉಳಿದಿರಲಿಲ್ಲ. ಕೆಳತುಟಿ ಸೀಳಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು, ಎಡಗಿವಿಯಿಂದ ಕೀವು ರಕ್ತ ಇಳಿದು ರವಿಕೆಯ ಭುಜ ಗಟ್ಟಿಯಾಗಿತ್ತು. ಆ ಕಿವಿ ಮತ್ತೆ ಕೇಳಿಸುವುದಿಲ್ಲವೆಂದು ಡಾಕ್ಟರು ಹೇಳಿದರು.

ಮಾವ ಎದ್ದು ನಿಂತು ಚಪ್ಪಲಿ ಮೆಟ್ಟಿದ. "ಇವತ್ತು ಅವನನ್ನ ಕೊಕ್ಕೆಗೆ ಹಾಕ್ತೀನಿ. ಕೀಲು ಕೀಲು ಬಿಡಿಸ್ತೀನಿ." ಅವನ ಮಟ್ಟಿಗೆ ಅದು ಬಾಯಿಮಾತಲ್ಲ.

ಅತ್ತೆ ಬಾಗಿಲಿಗೆ ಚಿಲಕ ಹಾಕಿ ಅಡ್ಡ ನಿಂತಳು. "ನೀವು ಅವನನ್ನ ಕೊಂದು ಜೈಲಿಗೆ ಹೋಗಿ ಕೂತ್ರೆ ನಿಮ್ಮ ಕೈ ತೀಟೆ ತೀರುತ್ತೆ. ಇವಳ ಗತಿ? ಒಂದು ಸಲನಾದ್ರೂ ಇವಳಿಗೇನು ಬೇಕು ಅಂತ ಕೇಳಿದೀರಾ?"

ಮಾವ ಮಗಳ ಕಡೆ ತಿರುಗಿದ. ಕೇಳಲು ಅವನಿಗೆ ಬಾಯಿ ಬರಲಿಲ್ಲ, ಅಭ್ಯಾಸ ಇದ್ದರೆ ತಾನೇ. ಪುಟ್ಟಿಯೇ ಕೇಳುವ ಕಿವಿಯನ್ನು ಅವನತ್ತ ಮಾಡಿ ಹೇಳಿದಳು, "ನಾನು ಆ ಮನೆಗೆ ವಾಪಸ್ ಹೋಗಲ್ಲಪ್ಪ. ನನ್ನ ಕಳಿಸ್ಬೇಡಿ. ಅಷ್ಟೇ ಬೇಕಾಗಿರೋದು."

"ಆಯ್ತು" ಎಂದು ಮಾವ ಚಪ್ಪಲಿ ಬಿಟ್ಟ.

ಅವಳನ್ನು ಕಳಿಸದೆ ಉಳಿಸಿಕೊಳ್ಳುವುದು ಬಾಯಲ್ಲಿ ಹೇಳಿದಷ್ಟು ಸುಲಭವಿರಲಿಲ್ಲ. ನನ್ನ ವಾರದ ರಜೆಯ ದಿನ, ಮಧ್ಯಾಹ್ನದ ಊಟ ಮುಗಿದು ತಟ್ಟೆ ಎತ್ತುವ ಹೊತ್ತಿಗೆ ಅವಳ ಗಂಡ ಬಂದ. ಮೊದಲು ಬೆಣ್ಣೆಯಂಥ ಮಾತು. "ಏನೋ ಕೋಪದಲ್ಲಿ ಕೈ ಮುಂದಾಯ್ತು ಮಾವ. ಮನಸ್ಸಲ್ಲಿ ಏನೂ ಇಲ್ಲ. ಕಳಿಸ್ಕೊಡಿ." ಪುಟ್ಟಿ ಬರಲ್ಲ ಎಂದಳು. ಅವನು ಇನ್ನೊಮ್ಮೆ ಕರೆದ, ಅವಳು ಇನ್ನೊಮ್ಮೆ ಬರಲ್ಲ ಎಂದಳು. ಅಷ್ಟಕ್ಕೇ ಬೆಣ್ಣೆ ಕರಗಿತು. ಅವಳ ಜಡೆಯನ್ನು ಬುಡದಲ್ಲೇ ಮುಷ್ಟಿಗೆ ಒಂದು ಸುತ್ತು ಸುತ್ತಿಕೊಂಡು ನೆಲದ ಮೇಲೆ ದರದರ ಎಳೆಯತೊಡಗಿದ.

ಮಾವ ಗೋಡೆಗೆ ಹಾರಿದ. ಎಡಗೈಗೆ ಸಿಕ್ಕಿದ್ದು ಕಪ್ಪು ಹಿಡಿಯದು, ತಮ್ಮನ ಪಕ್ಕೆಗೆ ಹೋಗಿದ್ದದ್ದು. ಒರೆಯನ್ನು ಕಂಕುಳಲ್ಲಿ ಅದುಮಿ ಹಿಡಿದು ಎಳೆದ. ಬರಲಿಲ್ಲ. ಕಾಲಡಿ ಹಾಕಿ ತುಳಿದು ಎಳೆದ. ಚೂರಿ, ತೊಗಲು, ತುಕ್ಕು ಎಲ್ಲ ಒಂದೇ ಮೈಯಾಗಿ ಕಚ್ಚಿಕೊಂಡಿದ್ದವು. ಅದನ್ನು ಬಿಸಾಡಿ ಇನ್ನೊಂದು ಎಳೆದ, ಅದೂ ಬರಲಿಲ್ಲ. ಅಳಿಯ ಮೊದಲು ಬೆಚ್ಚಿದವನು ಆಮೇಲೆ ಗಹಗಹಿಸಿ ನಕ್ಕ. ನಗುತ್ತಲೇ, ಜಡೆ ಬಿಡದೆ, ಮತ್ತೊಂದು ಕೈಯಿಂದ ಆ ಅಗಲದ ಭಾರಿ ಚೂರಿಯ ಹಿಡಿಗೆ ಕೈಹಾಕಿ ಜಗ್ಗಿದ. ಒರೆಸಮೇತ ಮೊಳೆ ಕಿತ್ತು ಬಂತು. ಅಲಗು ಹೊರಗೆ ಬಂದಿದ್ದರೆ ಮಾವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬರಲಿಲ್ಲ. ಒಣಗಿ ಕಟ್ಟಿಗೆಯಾಗಿದ್ದ ಆ ಒರೆಯಿಂದಲೇ ಅವನು ಮಾವನ ನೆತ್ತಿಗೆ ಬೀಸಿದ.

ಆ ಸದ್ದು ನನಗೆ ಪರಿಚಿತ. ಹಲಗೆಯ ಮೇಲೆ ಮೂಳೆ ಬೀಳುವ ಸದ್ದು. ಮಾವ ಎರಡನೆಯ ಏಟಿಗೆ ಮಂಡಿಯೂರಿದ, ಹಣೆಯ ಚರ್ಮ ಬಾಯಿಬಿಟ್ಟು ರಕ್ತ ಕಣ್ಣಿಗಿಳಿಯಿತು. ನಾನು ಸ್ಟೂಲು ಎತ್ತಿ ಅಳಿಯನ ಬೆನ್ನಿಗೆ ಬಿಟ್ಟೆ. ಸ್ಟೂಲಿನ ಕಾಲು ಮುರಿಯಿತು, ಅವನಿಗೆ ಏನೂ ಆಗಲಿಲ್ಲ. ತಿರುಗಿ ನನ್ನ ಹೊಟ್ಟೆಗೆ ಒದ್ದ, ನಾನು ಉಸಿರು ಸಿಕ್ಕಿಕೊಂಡು ಗೋಡೆಗೊರಗಿ ಜಾರಿದೆ. ಮೂರನೆಯ ಏಟು ಮಾವನ ಮಡಚದ ಬೆರಳುಗಳ ಮೇಲೆ ಬಿತ್ತು. ಮಾವ ನೋವಿಗೆ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಳಿಯ ಪುಟ್ಟಿಯನ್ನು ಹೊಸ್ತಿಲವರೆಗೆ ಎಳೆದುಬಿಟ್ಟಿದ್ದ. ಅವಳು ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ತಬ್ಬಿ ಹಿಡಿದಿದ್ದಳು, ಅವನು ಬೂಟುಗಾಲಿನಿಂದ ಅವಳ ಬೆರಳನ್ನು ಒಂದೊಂದಾಗಿ ತುಳಿದು ಬಿಡಿಸುತ್ತಿದ್ದ.

ಆಗ ಅಡುಗೆಮನೆಯಿಂದ ಅತ್ತೆ ಬಂದಳು. ಕೈಯಲ್ಲಿ ಎಲೆಕೋಸು ಹೆಚ್ಚುವ ಚಾಕು. ಆ ಮನೆಯಲ್ಲಿ ದಿನವೂ ತೊಳೆದು, ದಿನವೂ ಒರೆಸಿ, ದಿನವೂ ದುಡಿಯುತ್ತಿದ್ದ ಅಲಗು ಅದೊಂದೇ. ಅಳಿಯ ಅವಳನ್ನು ನೋಡಿ, "ಹಾಕಿ ಅತ್ತೆ, ಹಾಕಿ ನೋಡೋಣ" ಎಂದು ಎದೆ ತೋರಿಸಿದ. ಅತ್ತೆ ಅವನ ಕಡೆ ನೋಡಲೇ ಇಲ್ಲ. ಬಗ್ಗಿ ಚಾಕುವಿನ ಹಿಡಿಯನ್ನು ಮಗಳ ಅಂಗೈಯಲ್ಲಿಟ್ಟಳು.

ಪುಟ್ಟಿ ಚೌಕಟ್ಟು ಬಿಟ್ಟಳು. ಕೈಯನ್ನು ತಲೆಯ ಹಿಂದೆ ಒಯ್ದು, ಕಣ್ಣು ಮುಚ್ಚಿ, ಬೇರಿನಲ್ಲೇ ತನ್ನ ಜಡೆ ಕುಯ್ದಳು. ಒಂದೇ ಎಳೆತ. ಜಡೆಯ ಜೊತೆ ಅದನ್ನು ಸುತ್ತಿಕೊಂಡಿದ್ದ ಮುಷ್ಟಿಯೂ ಸಿಕ್ಕಿತು. ಅಳಿಯ ಎಳೆಯುತ್ತಿದ್ದ ರಭಸಕ್ಕೆ ಹಿಂದಕ್ಕೆ ಬೀದಿಗೆ ಉರುಳಿಬಿದ್ದ, ಕೈಯಲ್ಲಿ ಗಜದುದ್ದದ ಜಡೆ, ಜಡೆಯ ತುಂಬ ರಕ್ತ. ಅವನ ಕಿರುಬೆರಳಿನ ತುದಿ ನಮ್ಮ ಹೊಸ್ತಿಲ ಮೇಲೆ ಉಳಿದಿತ್ತು. ಪುಟ್ಟಿ ಎದ್ದು, ಮೊಂಡು ಕೂದಲಿನಲ್ಲಿ, ಚಾಕು ಹಿಡಿದು ಬಾಗಿಲಲ್ಲಿ ನಿಂತಳು. ಅವಳು ಒಂದು ಹೆಜ್ಜೆ ಮುಂದಿಡಲಿಲ್ಲ. ಬೀದಿಯ ಜನ ಸೇರಿದರು. ತೋಳು ತೊಡೆಯಷ್ಟಿದ್ದ ಗಂಡಸು ಬೆರಳು ಅದುಮಿಕೊಂಡು, "ಅಯ್ಯೋ ಅಮ್ಮಾ" ಎನ್ನುತ್ತ ಎದ್ದು ಓಡಿದ. ನನಗೆ ನಗುವುದೋ ವಾಂತಿ ಮಾಡುವುದೋ ತಿಳಿಯಲಿಲ್ಲ, ಎರಡನೆಯದನ್ನು ಮಾಡಿದೆ.

ಮಾವನ ಹಣೆಗೆ ಹೊಲಿಗೆ ಬಿತ್ತು, ಬೆರಳಿಗೆ ಪಟ್ಟಿ ಬಿತ್ತು. ಮಾರನೆಯ ಬೆಳಿಗ್ಗೆ ಅವನು ಕಪ್ಪು ಹಿಡಿಯ ಚೂರಿಯ ಒರೆಯನ್ನು ಗರಗಸದಿಂದ ಸೀಳಿಸಿದ. ನಾನೇ ಸೀಳಿದೆ. ಒಳಗೆ ಅಲಗು ಕೆಂಪಗೆ ತುಕ್ಕು ಹಿಡಿದು, ತೊಗಲಿನ ನಾರೆಲ್ಲ ಅದಕ್ಕೆ ಅಂಟಿತ್ತು. ಮಾವ ಅದನ್ನೇ ನೋಡುತ್ತ ಕೂತ. "ಇದು ಬಂದಿದ್ರೆ ಅವನು ಸಾಯ್ತಿದ್ದ" ಎಂದ. ಉಗುರಿನಿಂದ ತುಕ್ಕು ಕೆರೆಯುತ್ತ, "ಅವನ ಕೈಗೆ ಬಂದಿದ್ರೆ ನಾನು. ಆಮೇಲೆ ಪುಟ್ಟಿ" ಎಂದ. ಅಂಗಡಿಯ ಮುದುಕನಿಗೆ ಹೊಸ ಕನ್ನಡಕ ಮಾಡಿಸಿಕೊಡಬೇಕೆಂದೂ ಗೊಣಗಿದ.

ಅತ್ತೆ ಅಡುಗೆಮನೆಯಿಂದ ಆ ಚಾಕು ತಂದು ಅವನ ಮುಂದೆ ಹಿಡಿದಳು. ತೊಳೆದು ತಂದಿದ್ದಳು. "ಇದನ್ನೇನು ಮಾಡ್ಲಿ? ನಿಮ್ಮ ಕಟ್ಟುಪಾಡಿನ ಪ್ರಕಾರ ಇದು ಇನ್ನು ಅಡುಗೆಗೆ ಬರಲ್ಲ." ಮಾವ ಎದ್ದು ಅದನ್ನು ಹಲಗೆಯ ತುದಿಗೆ, ಖಾಲಿ ಮೊಳೆಗೆ ತೂಗುಹಾಕಲು ಹೋದ. ಪುಟ್ಟಿ ಅವನ ಕೈಯಿಂದ ಇಸಿದುಕೊಂಡು ತಾನೇ ಹಾಕಿದಳು. "ಇದಕ್ಕೆ ಒರೆ ಬೇಡಪ್ಪ. ಬರೀದೇ ಇರಲಿ" ಎಂದಳು.

ಅಷ್ಟರಲ್ಲಿ ಅಳಿಯನ ಅಣ್ಣ ಬಂದ. ಇಸ್ತ್ರಿ ಅಂಗಿ, ಸಮಾಧಾನದ ಮುಖ. ಠಾಣೆ ಗೀಣೆ ಬೇಡ, ಮನೆ ಮನೆಯಲ್ಲೇ ಮುಗಿಸೋಣ ಎಂದ. ತಮ್ಮನ ಬೆರಳು ಹೋದರೂ ತಾವು ದೊಡ್ಡ ಮನಸ್ಸು ಮಾಡುತ್ತೇವೆ, ಹುಡುಗಿಯನ್ನು ಇವತ್ತೇ ಕಳಿಸಿದರೆ ಎಲ್ಲ ಮರೆಯುತ್ತೇವೆ ಎಂದ. ಇಲ್ಲದಿದ್ದರೆ ಠಾಣೆಗೆ ಹೋಗಬೇಕಾಗುತ್ತದೆ ಎಂದೂ ಸೇರಿಸಿದ.

"ಹೋಗೋಣ" ಎಂದಳು ಪುಟ್ಟಿ. "ನನ್ನ ಕಿವೀನೂ ಬರುತ್ತೆ."

ಅವನು ಅವಳ ಮಾತನ್ನು ಗಾಳಿಗೆ ಬಿಟ್ಟು ಮಾವನ ಕಡೆ ವಾಲಿದ. ಗಂಡಸು ಗಂಡಸಿನ ಹತ್ತಿರ ಆಡುವ ದನಿಯಲ್ಲಿ, "ನಿಮಗೆ ಗೊತ್ತಿಲ್ಲದ್ದೇನಿದೆ ಯಜಮಾನರೇ. ಒಂದು ಏಟು ಬೀಳುತ್ತೆ, ಹೋಗುತ್ತೆ. ನೀವೂ ಇಷ್ಟು ವರ್ಷ ಸಂಸಾರ ಮಾಡಿದೋರೇ ಅಲ್ವಾ?" ಎಂದ.

ಆ ಮಾತಿಗೆ ಮಾವ ತಲೆಯಾಡಿಸಿಬಿಟ್ಟರೆ ಪುಟ್ಟಿಯ ಗತಿ ಮುಗಿಯಿತು. ಮುಷ್ಟಿ ಎತ್ತಿದರೂ ಮುಗಿಯಿತು, ಹುಚ್ಚನ ಮನೆಯೆಂದು ಹೊರಗೆ ಹೇಳಿಕೊಂಡು ತಿರುಗುತ್ತಾರೆ. ಅತ್ತೆ ಸೆರಗು ಬಾಯಿಗೆ ಕಚ್ಚಿಕೊಂಡಿದ್ದಳು. ಮಾವ ಎದ್ದ. ಅವನ ಕೈ ಮುಷ್ಟಿಯಾಗಲಿಲ್ಲ. ಗೋಡೆಯ ಬಳಿ ಹೋಗಿ ಹಳದಿ ಹಿಡಿಯ ಚೂರಿಯನ್ನು ಮೊಳೆಯಿಂದ ಇಳಿಸಿ, ಬಂದವನ ತೊಡೆಯ ಮೇಲೆ ಇಟ್ಟ.

"ಈ ಗೋಡೆ ಮೇಲಿರೋ ಎಲ್ಲದರ ಕಥೇನೂ ಹೇಳಿದೀನಿ, ಇದೊಂದು ಬಿಟ್ಟು" ಎಂದ. "ಇದು ನನ್ನ ಹೆಂಡ್ತಿ ಕೈ ಕುಯ್ದದ್ದು. ಅಗೋ, ಆ ಕೈ. ಕುಯ್ದೋನು ನಾನು. ಇವಳ ತೊಡೆ ಮೇಲೆ ಕೂಸಿತ್ತು, ಆ ಕೂಸು ಇದೇ ಪುಟ್ಟಿ. ಕೂಸಿನ ಮೈಯೆಲ್ಲ ರಕ್ತ ಆಗಿತ್ತು. ಗಾಜು ಅಂತ ಎಲ್ಲರಿಗೂ ಸುಳ್ಳು ಹೇಳಿ ಇವಳು ನನ್ನ ಮಾನ ಕಾಪಾಡಿದ್ಲು. ಸಂಸಾರ ಮಾಡಿದ್ದು ಇವಳು. ನಾನು ಮಾಡಿದ್ದು ಇದು." ಬಾಗಿಲು ತೋರಿಸಿದ. "ನನ್ ಮಗಳು ಬರಲ್ಲ. ಹೊರಡಿ."

ಅಣ್ಣ ಅದನ್ನು ಹಾವು ಬಿದ್ದಂತೆ ತೊಡೆಯಿಂದ ಕೊಡವಿ ಎದ್ದ. ಅತ್ತೆಯ ಕೈಯನ್ನೊಮ್ಮೆ ನೋಡಿ, ಹೊಸ್ತಿಲು ದಾಟಿ ಹೋದ. ಪುಟ್ಟಿ ಅಮ್ಮನ ಸೆರಗು ಸರಿಸಿ, ಮೊಳಕೈಯಿಂದ ಮುಂಗೈವರೆಗೆ ಆ ಗೆರೆಯ ಮೇಲೆ ಬೆರಳಾಡಿಸುತ್ತ ನಿಂತಳು. ಅಪ್ಪನ ಕಡೆ ಅವಳು ನೋಡಲಿಲ್ಲ. ಅವತ್ತಷ್ಟೇ ಅಲ್ಲ, ಬಹಳ ಕಾಲ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಮಾವ ನೆಲದ ಮೇಲೆ ಬಿದ್ದಿದ್ದ ಚೂರಿ ಎತ್ತಿ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದ. ಅತ್ತೆ ಅದನ್ನು ತೆಗೆದುಕೊಂಡು ಮಗಳ ಚಾಕುವಿನ ಪಕ್ಕದ ಮೊಳೆಗೆ ತೂಗುಹಾಕಿದಳು.

ಆಮೇಲೆ ಅಡುಗೆಮನೆಗೆ ಹೋದವಳು ಅಲ್ಲಿಂದಲೇ ಕೂಗಿದಳು. "ರೀ, ಹೆಚ್ಚೋಕೆ ಚಾಕು ಇಲ್ಲ. ಪೇಟೆಗೆ ಹೋಗಿ ಒಂದು ತಗೊಂಡ್ ಬನ್ನಿ. ಹಳದಿ ಹಿಡೀದು ಮಾತ್ರ ಬೇಡ."

ಮಾವ ಚಪ್ಪಲಿ ಮೆಟ್ಟಿಕೊಂಡು ಹೋದ.